ಅಂಬಿಗನನ್ನು ಕಟ್ಟಿಹಾಕುವ ಪಾರ್ಟಿ: ಆಟಗಾರರಿಗೆ ಎನ್‌ಪಿಸಿಗಳ ಮೇಲೆ ನಂಬಿಕೆ ಬರಬೇಕೆಂದರೆ ಡಿಎಂ ಏನು ಮಾಡಬೇಕು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಮೇಜಿನ ಸುತ್ತ ಕೂತು ಮಾತು ಮತ್ತು ದಾಳದಿಂದ ಕಥೆ ಕಟ್ಟುವ ಆಟ. ಆಟ ನಡೆಸುವವರು ಡಿಎಂ (ಡಂಜನ್ ಮಾಸ್ಟರ್), ಆಟಗಾರರ ಪಾತ್ರಗಳ ತಂಡ ಪಾರ್ಟಿ, ಡಿಎಂ ಆಡಿಸುವ ಉಳಿದ ಪಾತ್ರಗಳೆಲ್ಲ ಎನ್‌ಪಿಸಿಗಳು, ಹಲವು ಸೆಷನ್ ನಡೆಯುವ ಒಂದು ಕಥೆ ಕ್ಯಾಂಪೇನ್. ಹೊಸ ಕ್ಯಾಂಪೇನ್‌ಗೆಂದು ನಿಮ್ಮ ಆಟಗಾರರು ಬರೆದು ತಂದ ಪಾತ್ರಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ. ಒಬ್ಬನ ಊರು ಸುಟ್ಟು ಬೂದಿಯಾಗಿದೆ. ಇನ್ನೊಬ್ಬಳ ಅಪ್ಪ ಅಮ್ಮ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಾರೆ. ಮೂರನೆಯವನು ಕಾಡಿನಲ್ಲಿ ಒಬ್ಬನೇ ಬೆಳೆದವನು. ನಾಲ್ಕನೆಯವನಿಗೆ ನೆನಪೇ ಇಲ್ಲ. ಇವರಿಗೆ ಕಲ್ಪನೆ ಕಮ್ಮಿ ಅಂದುಕೊಳ್ಳಬೇಡಿ. ಹಿಂದಿನ ಯಾವುದೋ ಆಟದಲ್ಲಿ ತಂಗಿ ಇದ್ದಾಳೆ ಅಂತ ಬರೆದುಕೊಟ್ಟಿದ್ದರು, ಡಿಎಂ ಅವಳನ್ನು ಎತ್ತಿಹಾಕಿಕೊಂಡು ಹೋಗುವಂತೆ ಮಾಡಿದ. ಗುರು ಇದ್ದಾನೆ ಅಂತ ಬರೆದುಕೊಟ್ಟಿದ್ದರು, ಕೊನೆಗೆ ಆ ಗುರುವೇ ಖಳನಾಯಕ ಅಂತ ಆಯಿತು. ಹತ್ತಿರದವರು ಅಂತ ಯಾರನ್ನೂ ಇಟ್ಟುಕೊಳ್ಳಬಾರದು ಅನ್ನುವ ಪಾಠ ಅವರಿಗೆ ಅಲ್ಲೇ ಸಿಕ್ಕಿದೆ.

ಉಳಿದ ಲಕ್ಷಣಗಳು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಡೆಸುವ ಎಲ್ಲರಿಗೂ ಗೊತ್ತು. ದಾರಿಯಲ್ಲಿ ಸಿಕ್ಕ ಅಜ್ಜಿ ಬಾವಿ ಎಲ್ಲಿದೆ ಅಂತ ಹೇಳಿದರೂ ಮೂರು ಜನ ಒಟ್ಟಿಗೆ "ಇನ್‌ಸೈಟ್!" (ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತ ದಾಳ ಹಾಕಿ ನೋಡುವುದು) ಅಂತ ಕೂಗುತ್ತಾರೆ. ಛತ್ರದವನು ತಂದಿಟ್ಟ ಊಟಕ್ಕೆ ವಿಷಪರೀಕ್ಷೆ ಆಗುತ್ತದೆ. ಸಹಾಯ ಮಾಡಲು ಬಂದ ಅಂಬಿಗನನ್ನು ಮರಕ್ಕೆ ಕಟ್ಟಿಹಾಕಿ, ಅವನ ದೋಣಿಯನ್ನು ತಾವೇ ಹುಟ್ಟುಹಾಕಿಕೊಂಡು ಹೋಗುತ್ತಾರೆ. ಇದನ್ನು ಸರಿಪಡಿಸುವುದು ಹೇಗೆ ಅನ್ನುವುದಷ್ಟೇ ಈ ಬರಹ. ಉದಾಹರಣೆಗಳು ಡಿ ಅಂಡ್ ಡಿ ಐದನೇ ಆವೃತ್ತಿಯವು. ಬೇರೆ ಆಟದವರಿಗೂ ಹೆಚ್ಚಿನವು ಹೊಂದುತ್ತವೆ.

1. ನಿಮ್ಮ ದನಿ ಬೇರೆ, ಪಾತ್ರದ ದನಿ ಬೇರೆ

ಮೇಜಿನ ಸುತ್ತ ಕೂತು ಆಡುವ ಈ ಆಟದಲ್ಲಿ ಆಟಗಾರನಿಗೆ ಸ್ವಂತ ಕಣ್ಣು ಕಿವಿ ಇಲ್ಲ. ಬಾಗಿಲು ಮರದ್ದು ಅಂತ ಹೇಳುವವರು ನೀವೇ. "ಒಳಗೆ ಯಾರೂ ಇಲ್ಲ ಬುದ್ಧಿ" ಅಂತ ಕಾವಲುಗಾರನಾಗಿ ಹೇಳುವವರೂ ನೀವೇ. ಕಾವಲುಗಾರನ ಮಾತು ಸುಳ್ಳಾದಾಗ ಆಟಗಾರನ ಲೆಕ್ಕದಲ್ಲಿ ಸುಳ್ಳು ಹೇಳಿದ್ದು ಡಿಎಂ. ಮುಂದಿನ ಸಲ ಬಾಗಿಲು ಮರದ್ದೇ ಹೌದೋ ಅಲ್ಲವೋ ಅನ್ನುವ ಅನುಮಾನವೂ ಜೊತೆಗೆ ಬರುತ್ತದೆ. ನನ್ನ ಪ್ರಕಾರ ಎನ್‌ಪಿಸಿಗಳ ಮೇಲಿನ ಅಪನಂಬಿಕೆಯಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಶುರುವಾಗುತ್ತದೆ. ಡಿಎಂ ಮೇಲೆ ನಂಬಿಕೆ ಇಲ್ಲದ ಟೇಬಲ್‌ನಲ್ಲಿ ಎಷ್ಟು ಒಳ್ಳೆಯ ಎನ್‌ಪಿಸಿ ಬಂದರೂ ಉಪಯೋಗವಿಲ್ಲ.

ಹಾಗಾಗಿ ಸೆಷನ್ ಝೀರೋದಲ್ಲೇ, ಅಂದರೆ ಆಟ ಶುರುವಾಗುವ ಮುಂಚಿನ ಮಾತುಕತೆಯಲ್ಲೇ, ಬಾಯಿಬಿಟ್ಟು ಹೇಳಿಬಿಡಿ: "ಡಿಎಂ ಆಗಿ ನಾನು ವರ್ಣಿಸೋದ್ರಲ್ಲಿ ಮೋಸ ಇರಲ್ಲ. ನಿಮಗೆ ಕಂಡದ್ದು, ಕೇಳಿಸಿದ್ದು, ದಾಳ ಹೇಳಿದ್ದು ಎಲ್ಲ ನಿಜ. ಪಾತ್ರಗಳು ಮಾತ್ರ ಅವರವರ ಲೆಕ್ಕಾಚಾರದ ಮೇಲೆ ಮಾತಾಡ್ತಾರೆ." ಆಮೇಲೆ ಆ ಮಾತು ಉಳಿಸಿಕೊಳ್ಳಿ. ಮಾಯಾಗೋಡೆ ಬಂದರೆ ಏನು ಮಾಡುವುದು ಅಂತ ಕೇಳುತ್ತೀರಿ. ನಿಜವಾದ ಗೋಡೆಗೂ ಮಾಯೆಯ ಗೋಡೆಗೂ ಮೊದಲಿನಿಂದ "ಎದುರಿಗೆ ಕಲ್ಲಿನ ಗೋಡೆ ಕಾಣುತ್ತೆ" ಅಂತಲೇ ಹೇಳುವ ರೂಢಿ ಇದ್ದರೆ ಯಾರಿಗೂ ಸುಳ್ಳು ಹೇಳಿದ ಹಾಗಾಗುವುದಿಲ್ಲ.

ಕನ್ನಡದಲ್ಲಿ ಆಡುವವರಿಗೆ ಇಲ್ಲೊಂದು ಅನುಕೂಲ ಇದೆ. ನಮ್ಮಲ್ಲಿ ನಿಯಮದ ಮಾತು ಹೇಗೂ ಅರ್ಧಕ್ಕರ್ಧ ಇಂಗ್ಲಿಷಿನಲ್ಲೇ ನಡೆಯುತ್ತದೆ: ಆರ್ಮರ್ ಕ್ಲಾಸ್, ಸೇವಿಂಗ್ ಥ್ರೋ, ಶಾರ್ಟ್ ರೆಸ್ಟ್. ಪಾತ್ರದ ಮಾತನ್ನು ಪೂರಾ ಆಡುಗನ್ನಡಕ್ಕೆ ಇಳಿಸಿದರೆ ಯಾರ ಬಾಯಿಂದ ಏನು ಬಂತು ಅನ್ನುವುದು ಕಿವಿಗೇ ಗೊತ್ತಾಗುತ್ತದೆ. ಮಂಡ್ಯದ ಕಡೆಯ ಮಾತು, ಧಾರವಾಡದ ಮಾತು, ಕುಂದಾಪುರದ ಮಾತು, ನಿಮಗೆ ನಾಲಿಗೆ ಹೊರಳುವುದನ್ನು ಬಳಸಿಕೊಳ್ಳಿ. ಕಳ್ಳರೆಲ್ಲ ಒಂದೇ ಸೀಮೆಯ ಭಾಷೆ ಆಡುವ ಹಾಗೆ ಮಾತ್ರ ಮಾಡಬೇಡಿ. ಆ ಸೀಮೆಯವರು ನಿಮ್ಮ ಟೇಬಲ್‌ನಲ್ಲೇ ಕೂತಿರುತ್ತಾರೆ, ಬೇಜಾರಾದರೂ ಹೇಳಲ್ಲ.

2. ಪ್ರತಿ ಪಾತ್ರಕ್ಕೆ ಮೂರು ಸಾಲು

ಎನ್‌ಪಿಸಿಗೆ ಎರಡು ಪುಟದ ಜೀವನಚರಿತ್ರೆ ಬರೆಯುವುದು ಡಿಎಂ ಖುಷಿಗೆ ಸರಿ, ಟೇಬಲ್ ಮೇಲೆ ಕೆಲಸಕ್ಕೆ ಬರುವುದಿಲ್ಲ. ಒಂದು ಚೀಟಿ ಸಾಕು. ಅವನಿಗೆ ಏನು ಬೇಕು, ಯಾವುದಕ್ಕೆ ಹೆದರುತ್ತಾನೆ, ಏನೇ ಆದರೂ ಯಾವುದನ್ನು ಮಾಡುವುದಿಲ್ಲ. ನಮ್ಮ ಅಂಬಿಗನನ್ನೇ ತೆಗೆದುಕೊಳ್ಳಿ. ಹೆಸರು ಬೀರಪ್ಪ.

ಬೇಕಾದ್ದು: ಮಗಳನ್ನು ಆಚೆ ದಡದ ವೈದ್ಯರ ಹತ್ತಿರ ವಿದ್ಯೆ ಕಲಿಯಲು ಬಿಡಬೇಕು.
ಭಯ: ಹೋದ ಹುಣ್ಣಿಮೆ ರಾತ್ರಿ ಅವನ ತಮ್ಮ ದೋಣಿ ಸಮೇತ ಮುಳುಗಿದ. ನೀರಲ್ಲಿ ಏನೋ ಇದೆ.
ಮಾಡದ್ದು: ಎಷ್ಟೇ ದುಡ್ಡು ಕೊಟ್ಟರೂ ಕತ್ತಲಲ್ಲಿ ದೋಣಿ ಬಿಡುವುದಿಲ್ಲ.

ಮೂರನೆಯ ಸಾಲನ್ನು ಬಹಳ ಜನ ಬರೆಯುವುದೇ ಇಲ್ಲ. ನಂಬಿಕೆಗೆ ಬೇಕಾದ್ದು ಅದೇ. ಯಾವುದಕ್ಕೂ ಇಲ್ಲ ಅನ್ನದ ಎನ್‌ಪಿಸಿ ಡಿಎಂ ಕೈಗೊಂಬೆಯಾಗಿ ಕಾಣುತ್ತಾನೆ. ಒಂದು ವಿಷಯಕ್ಕೆ ಖಡಾಖಂಡಿತವಾಗಿ ಆಗಲ್ಲ ಅಂದವನು ಬೇರೆ ವಿಷಯಕ್ಕೆ ಹೂಂ ಅಂದರೆ ಆ ಹೂಂಗೆ ತೂಕ ಬರುತ್ತದೆ.

3. ಇನ್‌ಸೈಟ್ ರೋಲ್‌ಗೆ ಸರಿಯಾಗಿ ಉತ್ತರ ಕೊಡಿ

ಸಾಯಂಕಾಲ. ಪಾರ್ಟಿ ಹೊಳೆದಡಕ್ಕೆ ಬಂದಿದೆ. ಬೀರಪ್ಪ ಹಗ್ಗ ಸುತ್ತುತ್ತಿದ್ದಾನೆ.

"ಕತ್ತಲಾದ ಮೇಲೆ ದೋಣಿ ಬಿಡಕಿಲ್ಲ ಸೋಮಿ. ಬೆಳಿಗ್ಗೆ ಬನ್ನಿ."

ರೋಗ್ (ಕಳ್ಳನಂಥ ಚುರುಕು ಪಾತ್ರ) ಆಡುವವಳು ತಕ್ಷಣ: "ಇವನು ಏನೋ ಮುಚ್ಚಿಡ್ತಿದ್ದಾನೆ. ಇನ್‌ಸೈಟ್ ಹಾಕ್ಲಾ?" ದಾಳದಲ್ಲಿ 14, ಬೋನಸ್ ಸೇರಿ 17.

ಇಲ್ಲಿ ಹೆಚ್ಚಿನ ಡಿಎಂಗಳು "ಅವನು ನಿಜ ಹೇಳ್ತಿರೋ ಹಾಗೆ ಅನ್ಸುತ್ತೆ" ಅಂದು ಮುಗಿಸುತ್ತಾರೆ. ಆ 'ಅನ್ಸುತ್ತೆ'ಯಲ್ಲೇ ಆಟಗಾರರಿಗೆ ಹೊಗೆ ಕಾಣುತ್ತದೆ. ರೋಲ್ ಫೇಲಾದರೂ ಇದೇ ವಾಕ್ಯ ಬರುತ್ತಿತ್ತಲ್ಲ? ಹಾಗಾದರೆ ದಾಳ ಉರುಳಿಸಿ ಸಿಕ್ಕಿದ್ದೇನು? ನಿಜವೋ ಸುಳ್ಳೋ ಅನ್ನುವ ತೀರ್ಪನ್ನು ಕೊಡಲೇಬೇಡಿ, ಮನಸ್ಸಿನ ಸ್ಥಿತಿಯನ್ನು ಕೊಡಿ:

"ಹೆದರಿದ್ದಾನೆ. ನಿಮ್ಮನ್ನ ಕಂಡಲ್ಲ. ಮಾತಾಡುವಾಗ ಕಣ್ಣು ಮತ್ತೆ ಮತ್ತೆ ನೀರಿನ ಕಡೆ ಹೋಗ್ತಿದೆ. ಪಕ್ಕದಲ್ಲಿ ಇನ್ನೊಂದು ದೋಣಿ ಕಟ್ಟೋ ಗೂಟ ಇದೆ, ಅದರಲ್ಲಿ ದೋಣಿ ಇಲ್ಲ. ಆ ಗೂಟದ ಕಡೆ ಅವನು ನೋಡ್ತಾನೇ ಇಲ್ಲ."

ಈಗ ಯಾರಾದರೂ "ಆ ದೋಣಿ ಯಾರದ್ದು ಯಜಮಾನ್ರೇ?" ಅಂತ ಕೇಳುತ್ತಾರೆ. ಆ ಪ್ರಶ್ನೆ ಬಂದರೆ ಅಂಬಿಗನನ್ನು ಕಟ್ಟಿಹಾಕುವ ಯೋಚನೆ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಚೀಟಿಯ ಎರಡನೆಯ ಸಾಲು ಹೀಗೆ ಟೇಬಲ್ ಮೇಲೆ ಬಂತು, ನೋಡಿ.

ರೋಲ್ ಕಡಿಮೆ ಬಂದರೆ ತಪ್ಪು ಮಾಹಿತಿ ಕೊಡಬೇಡಿ, ಕಡಿಮೆ ಮಾಹಿತಿ ಕೊಡಿ: "ದಣಿದಿದ್ದಾನೆ, ಬೇಗ ಮನೆಗೆ ಹೋಗ್ಬೇಕು ಅನ್ನೋದು ಬಿಟ್ಟು ಇನ್ನೇನೂ ಗೊತ್ತಾಗ್ತಿಲ್ಲ." ಕಾಲ್ ಆಫ್ ಕ್ತುಲ್ಹು ಆಟದಲ್ಲಿ ಸೈಕಾಲಜಿ ರೋಲನ್ನು ಕೀಪರ್ (ಅಲ್ಲಿನ ಡಿಎಂ) ಗುಟ್ಟಾಗಿ ಹಾಕುವ ಪದ್ಧತಿ ಇದೆ. ಭಯವೇ ಮುಖ್ಯವಾದ ಆಟಕ್ಕೆ ಅದು ಒಪ್ಪುತ್ತದೆ. ನಂಬಿಕೆ ಈಗಾಗಲೇ ಹಾಳಾಗಿರುವ ಟೇಬಲ್‌ನಲ್ಲಿ ಪರದೆಯ ಹಿಂದೆ ಇನ್ನೊಂದು ಗುಟ್ಟು ಬೇಡ. ಸಣ್ಣಪುಟ್ಟ ವಿಷಯಕ್ಕೆ ರೋಲೇ ಬೇಡ. 10ಕ್ಕೆ ಬೋನಸ್ ಸೇರಿಸಿದ ಪ್ಯಾಸಿವ್ ಇನ್‌ಸೈಟ್ ನೋಡಿ, ಕೇಳುವ ಮೊದಲೇ ಹೇಳಿಬಿಡಿ.

4. ಮೊದಲು ಸಣ್ಣ ಸತ್ಯ, ಅದೂ ಅದೇ ಸೆಷನ್‌ನಲ್ಲಿ

ಊರಿಗೆ ಹೊಸದಾಗಿ ಬಂದವರಿಗೆ ಕಿರಾಣಿ ಅಂಗಡಿಯವನು ಮೊದಲ ದಿನವೇ ತಿಂಗಳ ಸಾಮಾನು ಉದ್ರಿ ಕೊಡುವುದಿಲ್ಲ. ಮೊದಲು ಕಾಲು ಕೇಜಿ ಸಕ್ಕರೆ, ಆಮೇಲೆ ನೋಡೋಣ ಅಂತಾನೆ. ಆಟಗಾರರೂ ಎನ್‌ಪಿಸಿಗೆ ಹಾಗೇ ಲೆಕ್ಕ ಇಡುತ್ತಾರೆ. ಪರಿಚಯವಾದ ಹತ್ತು ನಿಮಿಷಕ್ಕೆ "ರಾಜನನ್ನು ನಂಬಬೇಡಿ, ಈ ಗವಿಗೆ ಹೋಗಿ" ಅಂದರೆ ಯಾರು ಕೇಳುತ್ತಾರೆ? ಬೀರಪ್ಪ ಮೊದಲು ಹೇಳಬೇಕಾದ್ದು ಇಷ್ಟು: "ಆ ಗುಡಿ ಮೆಟ್ಲಲ್ಲಿ ಮಲಗಬೇಡಿ, ರಾತ್ರಿ ನೀರು ಏರ್ತದೆ." ರಾತ್ರಿ ನೀರು ಏರಲಿ. ಪಾರ್ಟಿ ಅವನ ಮಾತು ಕೇಳಿದ್ದರೆ ಒಣಬಟ್ಟೆಯಲ್ಲಿ ಎದ್ದರು, ಕೇಳದಿದ್ದರೆ ಹಾಸಿಗೆ ತೊಯ್ದು ಶಾಪ ಹಾಕುತ್ತಾ ಎದ್ದರು. ಎರಡರಲ್ಲೂ ಬೆಳಿಗ್ಗೆ ಅವನ ಮಾತಿಗೆ ಬೆಲೆ ಬಂದಿರುತ್ತದೆ. ಪರೀಕ್ಷೆ ಅದೇ ಸೆಷನ್‌ನಲ್ಲಿ ಮುಗಿಯಬೇಕು. ಹದಿನೈದು ದಿನಕ್ಕೊಮ್ಮೆ ಸೇರುವ ಗುಂಪಿಗೆ ಮುಂದಿನ ಸಲ ಅಂಬಿಗನ ಹೆಸರೂ ನೆನಪಿರುವುದಿಲ್ಲ.

ಸಹಾಯಕ್ಕೆ ಬೆಲೆ ಇಡಿ. ಬಿಟ್ಟಿ ಸಹಾಯ ಅನುಮಾನ ಹುಟ್ಟಿಸುತ್ತದೆ, ಆಟದಲ್ಲೂ ಹೊರಗೂ. "ಬೆಳಿಗ್ಗೆ ದಾಟಿಸ್ತೀನಿ, ಮಗಳನ್ನ ವೈದ್ಯರ ಮನೆವರೆಗೆ ಬಿಟ್ಟು ಬನ್ನಿ" ಅಂದರೆ ಅವನಿಗೆ ಇದರಿಂದ ಏನು ಸಿಗುತ್ತದೆ ಅನ್ನುವುದು ಸ್ಪಷ್ಟವಾಯಿತು. ಇದರಲ್ಲಿ ಇನ್ನೂ ಒಂದು ವಿಷಯ ಇದೆ: ಮಗಳನ್ನು ಅಪರಿಚಿತರ ಜೊತೆ ಕಳಿಸುತ್ತಿದ್ದಾನೆ. ಮೊದಲು ನಂಬಿದವನು ಅವನು. ಎದುರಿನವರು ತಮ್ಮನ್ನು ನಂಬಿದ್ದಾರೆ ಅನ್ನುವುದು ಗೊತ್ತಾದಾಗ ಅತ್ಯಂತ ಅನುಮಾನದ ಪಾರ್ಟಿಯೂ ಸ್ವಲ್ಪ ಮೆತ್ತಗಾಗುತ್ತದೆ. ಆ ಹುಡುಗಿಯನ್ನು ದಾರಿಯಲ್ಲಿ ಅಪಹರಿಸುವ ಆಸೆ ನಿಮಗೆ ಬರುತ್ತದೆ. ದಯವಿಟ್ಟು ಬೇಡ. ಅವಳು ವೈದ್ಯರ ಮನೆ ತಲುಪಲಿ, ಪಾಠ ಕಲಿಯಲಿ, ನಾಲ್ಕು ಲೆವೆಲ್ ಆದ ಮೇಲೆ ಇದೇ ಪಾರ್ಟಿಗೆ ಗಾಯಕ್ಕೆ ಪಟ್ಟಿ ಕಟ್ಟಲಿ.

ಸಂಬಂಧ ಎಲ್ಲಿಗೆ ಬಂತು ಅನ್ನುವುದನ್ನು ಕನ್ನಡದಲ್ಲಿ ತೋರಿಸುವುದು ಬಹಳ ಸುಲಭ. ಮೊದಲ ದಿನ "ಸೋಮಿ, ತಾವು". ಮಗಳು ಸುರಕ್ಷಿತವಾಗಿ ತಲುಪಿದ ಸುದ್ದಿ ಬಂದ ಮೇಲೆ ಬಾರ್ಬೇರಿಯನ್‌ಗೆ "ಉಂಡ್ಯೇನೋ ಮಗ?" ಅಂತ ಕೇಳಲಿ. ಆಟಗಾರರು ಅದನ್ನು ತಕ್ಷಣ ಹಿಡಿಯುತ್ತಾರೆ. ಅದೇ ರೀತಿ, ಸಲುಗೆಯಿಂದ ಏಕವಚನದಲ್ಲಿ ಮಾತಾಡುತ್ತಿದ್ದ ಅಕ್ಕಸಾಲಿಗ ಒಂದು ದಿನ ಏಕಾಏಕಿ "ನೀವು" ಅಂತ ಶುರುಮಾಡಿದರೆ ಏನೋ ಕೆಟ್ಟಿದೆ ಅಂತ ಯಾವ ರೋಲೂ ಇಲ್ಲದೆ ಟೇಬಲ್‌ಗೆ ಗೊತ್ತಾಗುತ್ತದೆ.

5. ದಾಳ ಎಲ್ಲಿ, ಎಷ್ಟು

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಡಿ ಅಂಡ್ ಡಿಯಲ್ಲೇ ಎದುರಾದವರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದಕ್ಕೆ ಎರಡು ಆರುಮುಖದ ದಾಳ ಹಾಕುವ ಕ್ರಮ ಇತ್ತು. 1981ರ ಬೇಸಿಕ್ ಸೆಟ್‌ನಲ್ಲಿ ಅದು ಹೀಗಿದೆ: 2 ಬಂದರೆ ನೇರ ದಾಳಿ, 12 ಬಂದರೆ ಮನಸಾರೆ ಸ್ನೇಹ, ನಡುವಿನ 6ರಿಂದ 8 ಬಂದರೆ ಇನ್ನೂ ನಿರ್ಧಾರ ಆಗಿಲ್ಲ. ಲೆಕ್ಕ ಹಾಕಿದರೆ 36ರಲ್ಲಿ 16 ಸಲ ಈ ನಡುವಿನ ಉತ್ತರವೇ ಬರುತ್ತದೆ. 2 ಮತ್ತು 12 ಒಂದೊಂದೇ ಸಲ. ಹಳೆಯ ನಿಯಮ ಅಂತ ತಳ್ಳಿಹಾಕಬೇಡಿ. ತಯಾರಿ ಇಲ್ಲದೆ ಎದುರಾದ ವ್ಯಾಪಾರಿ, ಕುರಿಗಾಹಿ, ಗಸ್ತಿನವರಿಗೆ ಇದನ್ನು ಎಲ್ಲರ ಮುಂದೆ ಉರುಳಿಸಿ. ಡಿಎಂ ಬೇಕೆಂದೇ ನಮ್ಮ ಮೇಲೆ ಹಗೆ ಬಿಟ್ಟ ಅನ್ನುವ ಮಾತಿಗೆ ಅಲ್ಲಿ ಜಾಗವಿರುವುದಿಲ್ಲ, ಯಾಕೆಂದರೆ ನಿರ್ಧಾರ ನಿಮ್ಮದಲ್ಲ.

2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಎನ್‌ಪಿಸಿಯ ಮನೋಭಾವ ಮೂರು ಬಗೆ: ಸ್ನೇಹ, ಉದಾಸೀನ, ಹಗೆ. ಅದರ ಕೋಷ್ಟಕದಲ್ಲಿ ಒಂದು ಸೂಕ್ಷ್ಮ ಇದೆ. ಹಗೆಯಲ್ಲಿರುವವನ ಮುಂದೆ 20 ತಂದರೂ ಅವನು ತನಗೆ ಯಾವ ಅಪಾಯವೂ ಇಲ್ಲದ ಕೆಲಸವನ್ನಷ್ಟೇ ಮಾಡಿಕೊಡುತ್ತಾನೆ. ಸ್ನೇಹದಲ್ಲಿರುವವನು ಅದೇ 20ಕ್ಕೆ ದೊಡ್ಡ ಅಪಾಯವನ್ನೂ ತಲೆಮೇಲೆ ಹಾಕಿಕೊಳ್ಳುತ್ತಾನೆ. ಅಂದರೆ ಒಳ್ಳೆಯ ರೋಲ್‌ಗಿಂತ ಹಳೆಯ ಪರಿಚಯ ದೊಡ್ಡದು. "27 ಬಂತು, ರಾಜ ಕಿರೀಟ ಕೊಡ್ಬೇಕು" ಅನ್ನುವ ಬಾರ್ಡ್‌ಗೆ (ಮಾತು, ಹಾಡಿನ ಪಾತ್ರ) ಈ ಪುಟ ತೋರಿಸಿ. 2024ರ ನಿಯಮದಲ್ಲಿ ಇದನ್ನು ಇನ್ಫ್ಲುಯೆನ್ಸ್ ಅನ್ನುವ ಆ್ಯಕ್ಷನ್ ಆಗಿ ಬಿಡಿಸಿ ಹೇಳಿದ್ದಾರೆ: ಮನಸ್ಸಿರುವವನಿಗೆ ರೋಲ್ ಬೇಕಿಲ್ಲ, ಮನಸ್ಸೇ ಇಲ್ಲದವನಿಗೂ ರೋಲ್ ಇಲ್ಲ, ಹಿಂದೆ ಮುಂದೆ ನೋಡುವವನಿಗೆ ಮಾತ್ರ ದಾಳ. ಬೀರಪ್ಪನ ಚೀಟಿಯ ಮೂರನೆಯ ಸಾಲು ಇಲ್ಲಿ ಕೆಲಸಕ್ಕೆ ಬರುತ್ತದೆ. ರಾತ್ರಿ ದೋಣಿಗೆ ಪರ್ಸುಯೇಶನ್ (ಮನವೊಲಿಸುವ ರೋಲ್) ಇಲ್ಲ. ಮಗಳನ್ನು ಕಳಿಸುವ ವಿಷಯಕ್ಕೆ ಇದೆ.

6. ನಿಷ್ಠೆಯ ಲೆಕ್ಕ

ಎನ್‌ಪಿಸಿ ಪಾರ್ಟಿಯ ಜೊತೆ ಓಡಾಡುವವನಾದರೆ 2014ರ ಪುಸ್ತಕದಲ್ಲೇ ಐಚ್ಛಿಕವಾಗಿ ಲಾಯಲ್ಟಿ ನಿಯಮ ಇದೆ. 0ರಿಂದ 20ರವರೆಗಿನ ಅಂಕ. ಪಾರ್ಟಿಯಲ್ಲಿ ಯಾರ ಕರಿಸ್ಮಾ (ವ್ಯಕ್ತಿತ್ವದ ಸೆಳೆತದ ಅಂಕ) ಹೆಚ್ಚೋ ಅದೇ ಗರಿಷ್ಠ ಮಿತಿ, ಆರಂಭ ಅದರ ಅರ್ಧದಿಂದ. ಅವನಿಗೆ ಮುಖ್ಯವಾದ ಗುರಿಗೆ ನೆರವಾದರೆ, ಕಾಪಾಡಿದರೆ 1ಡಿ4 (ಒಂದು ನಾಲ್ಕುಮುಖದ ದಾಳದಲ್ಲಿ ಬಂದಷ್ಟು) ಏರುತ್ತದೆ. ಅವನ ನಂಬಿಕೆಗೆ ವಿರುದ್ಧ ನಡೆದರೆ 1ಡಿ4 ಇಳಿಯುತ್ತದೆ. ಸ್ವಾರ್ಥಕ್ಕಾಗಿ ಅವನನ್ನು ದಾರಿತಪ್ಪಿಸಿದರೆ, ಅಪಾಯಕ್ಕೆ ದೂಡಿದರೆ 2ಡಿ4. ಸೊನ್ನೆಗೆ ಬಂದರೆ ಅವನು ನಿಮ್ಮವನಲ್ಲ. ಈ ಅಂಕವನ್ನು ಡಿಎಂ ಗುಟ್ಟಾಗಿ ಇಡಬೇಕು ಅನ್ನುತ್ತದೆ ಪುಸ್ತಕ.

ಇಳಿಯುವುದು ಏರುವುದಕ್ಕಿಂತ ವೇಗ ಅನ್ನುವುದು ಸರಿಯಾಗಿದೆ. ಕರಿಸ್ಮಾಗೆ ಕಟ್ಟಿಹಾಕಿದ್ದು ನನಗೆ ಒಪ್ಪಿಗೆಯಿಲ್ಲ. ದಿನಾ ಕುದುರೆಗೆ ನೀರಿಟ್ಟ ಫೈಟರ್‌ಗಿಂತ ಚೆಂದ ಮಾತಾಡುವ ಬಾರ್ಡ್ ಯಾಕೆ ಮಿತಿ ನಿರ್ಧರಿಸಬೇಕು? ಬ್ಲೇಡ್ಸ್ ಇನ್ ದ ಡಾರ್ಕ್ ಆಟ ಗುಂಪುಗಳ ಜೊತೆಗಿನ ಸಂಬಂಧಕ್ಕೆ -3ರಿಂದ +3ರವರೆಗಿನ ಅಳತೆ ಬಳಸುತ್ತದೆ. ಅದನ್ನೇ ವ್ಯಕ್ತಿಗೂ ಹಚ್ಚಿ, ಪ್ರತಿ ಅಂಕದ ಪಕ್ಕ ಕಾರಣ ಬರೆದಿಡಿ: "+1, ಮಗಳನ್ನು ಬಿಟ್ಟು ಬಂದರು. -1, ತಮ್ಮನ ವಿಷಯ ಜಾತ್ರೆಯಲ್ಲಿ ನಗಾಡಿದರು." ಮೂರು ತಿಂಗಳ ನಂತರ ಬೀರಪ್ಪ ಆ ನಗೆಯನ್ನು ನೆನಪಿಸಿದಾಗ ಟೇಬಲ್ ಗಪ್‌ಚುಪ್ ಆಗುತ್ತದೆ. ಅಂಕ ಗುಟ್ಟಾಗಿರಲಿ, ಕಾರಣಗಳು ಪಾತ್ರದ ಬಾಯಿಂದ ಹೊರಬರಲಿ.

7. ಸುಳ್ಳು ಮತ್ತು ದ್ರೋಹ

ಎನ್‌ಪಿಸಿಗಳು ತಪ್ಪು ಹೇಳಲೇಬಾರದು ಅಂತಲ್ಲ. ಆದರೆ ಆ ತಪ್ಪುಗಳಲ್ಲಿ ಹೆಚ್ಚಿನವು ಸುಳ್ಳಾಗಿರದೆ ಅಜ್ಞಾನವಾಗಿರಲಿ. ಬೀರಪ್ಪ ನೀರಲ್ಲಿರುವುದು ದೆವ್ವ ಅನ್ನುತ್ತಾನೆ, ನಿಜದಲ್ಲಿ ಅದು ಹಸಿದ ಮೊಸಳೆ. ಅವನು ನಿಮಗೆ ಮೋಸ ಮಾಡಲಿಲ್ಲ, ಕತ್ತಲಲ್ಲಿ ಕಂಡದ್ದು ಹೇಳಿದ. ಸುಳ್ಳು ಹೇಳುವವನಿಗೂ ಚೀಟಿಯಿಂದ ಬಂದ ಕಾರಣ ಇರಬೇಕು: ಸಾಲ, ನಾಚಿಕೆ, ಮನೆಯವರನ್ನು ಉಳಿಸುವ ಆತುರ.

ಇನ್ನು ದ್ರೋಹ. ಇಡೀ ಕ್ಯಾಂಪೇನ್‌ಗೆ ಒಂದು ಸಾಕು, ಅದೂ ಹತ್ತು ಜನ ನಂಬಿಕಸ್ಥರ ನಡುವೆ. ಎಲ್ಲರೂ ಮೋಸಗಾರರಾದ ಕಡೆ ಮೋಸಕ್ಕೆ ಯಾರೂ ಬೆಚ್ಚುವುದಿಲ್ಲ, "ಗೊತ್ತಿತ್ತು ಬಿಡಪ್ಪ" ಅಂದು ಫೋನ್ ನೋಡುತ್ತಾರೆ. ತಿರುಗಿಬೀಳುವ ಮೊದಲು ಸುಳಿವು ಬಿದ್ದಿರಬೇಕು. ಇಂಥ ಆಟಗಳ ಬಗ್ಗೆ ಬರೆಯುವ ಜಸ್ಟಿನ್ ಅಲೆಕ್ಸಾಂಡರ್ 2008ರಲ್ಲಿ ಪತ್ತೇದಾರಿ ಕಥೆಗಳಿಗಾಗಿ ಹೇಳಿದ ನಿಯಮ ಇಲ್ಲಿಗೂ ಹೊಂದುತ್ತದೆ: ಆಟಗಾರರು ತಲುಪಬೇಕಾದ ಪ್ರತಿ ತೀರ್ಮಾನಕ್ಕೆ ಕನಿಷ್ಠ ಮೂರು ಸುಳಿವು. ಒಂದನ್ನು ಗಮನಿಸುವುದಿಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆ, ಮೂರನೆಯದು ಹಿಡಿಯುತ್ತದೆ. ಅಕ್ಕಸಾಲಿಗ ದ್ರೋಹಿ ಅಂದರೆ ಅವನ ಅಂಗಡಿ ಇದ್ದಕ್ಕಿದ್ದಂತೆ ಸಾಲಮುಕ್ತವಾಗಿರಲಿ, ಪಾರ್ಟಿ ಹೇಳದ ವಿಷಯವೊಂದು ಅವನ ಬಾಯಿತಪ್ಪಿ ಬರಲಿ, ಮಾತಿನಲ್ಲಿ ಆ ದೂರದ "ನೀವು" ಕಾಣಿಸಲಿ. ಮೊದಲೇ ಪತ್ತೆಹಚ್ಚಿದರೆ ತಡೆಯಲು ಬಿಡಿ. ನಿಮ್ಮ ದೊಡ್ಡ ಸೀನ್ ಹಾಳಾಯಿತು ಅಂತ ಕೊರಗಿ, ಹೊಸ ದ್ರೋಹಿಯನ್ನು ಹುಟ್ಟಿಸಬೇಡಿ.

ದ್ರೋಹ ನಡೆದ ಸೆಷನ್‌ನಲ್ಲೇ ಬೇರೊಬ್ಬ ಎನ್‌ಪಿಸಿ ನಷ್ಟ ಮಾಡಿಕೊಂಡಾದರೂ ಪಾರ್ಟಿಯ ಪಕ್ಕ ನಿಲ್ಲಲಿ. ಇದನ್ನು ಮರೆಯಬೇಡಿ. ಇಲ್ಲದಿದ್ದರೆ ಅವರು ಕಲಿಯುವ ಪಾಠ ಮೊದಲಿನದೇ.

8. ಆಟಗಾರರೇ ಮಾತು ತಪ್ಪಿದರೆ

ಹುಡುಗಿಯನ್ನು ಅರ್ಧದಾರಿಯಲ್ಲಿ ಬಿಟ್ಟು ನಿಧಿಯ ಕಡೆ ಓಡಿದರು ಅಂತಿಟ್ಟುಕೊಳ್ಳಿ. ತಕ್ಷಣ ಸೈನಿಕರನ್ನು ಕರೆಸಬೇಡಿ, ಅದು ಡಿಎಂ ಸಿಟ್ಟು ಅಂತ ಕಾಣುತ್ತದೆ. ಸುದ್ದಿ ಅವರಿಗಿಂತ ಮುಂಚೆ ಊರಿಗೆ ಹೋಗಲಿ. ಛತ್ರದಲ್ಲಿ ಮುಂಗಡ ಕೇಳಲಿ. ಮದ್ದಿನ ಅಂಗಡಿಯಲ್ಲಿ "ಇಲ್ಲ, ಖಾಲಿ" ಅನ್ನಲಿ, ಹಿಂದಿನ ಕಪಾಟಿನಲ್ಲಿ ಸೀಸೆಗಳು ಸಾಲಾಗಿ ಕಾಣುತ್ತಿರಲಿ. ಜೊತೆಗೆ ಸರಿಪಡಿಸಿಕೊಳ್ಳುವ ದಾರಿಯೂ ಇರಲಿ, ಅದು ಅವರಿಗೆ ಕಾಣುವಂತಿರಲಿ: ಹುಡುಗಿಯನ್ನು ಹುಡುಕಿ ಕರೆತಂದವರಿಗೆ ಬೀರಪ್ಪ ಒಂದು ತಂಬಿಗೆ ನೀರು ಕೊಡುತ್ತಾನೆ, ಮಾತಾಡುವುದಿಲ್ಲ. ಮಾತು ಇನ್ನೆರಡು ಸೆಷನ್ ಆದಮೇಲೆ.

9. ಜೊತೆಗೆ ಬರುವ ಎನ್‌ಪಿಸಿ

ಪಾರ್ಟಿಗಿಂತ ಬಲವಾದ, ಎಲ್ಲ ಗೊತ್ತಿರುವ, ಕೊನೆಯ ಏಟು ತಾನೇ ಹೊಡೆಯುವ ಜೊತೆಗಾರನನ್ನು ಯಾರೂ ನಂಬುವುದಿಲ್ಲ. ಅವನು ಡಿಎಂ ಮುದ್ದಿನ ಮಗ ಅಂತ ಎಲ್ಲರಿಗೂ ಗೊತ್ತು. ಜೊತೆಗಾರ ಒಂದು ಕೆಲಸದಲ್ಲಿ ಪಾರ್ಟಿಗಿಂತ ಚುರುಕು, ಉಳಿದದ್ದರಲ್ಲಿ ಅವರಿಗಿಂತ ಕಮ್ಮಿ ಇರಲಿ. ಹೋರಾಟದಲ್ಲಿ ಅವನ ದಾಳವನ್ನು ಆಟಗಾರರಿಗೇ ಕೊಡಿ. 2020ರಲ್ಲಿ ಬಂದ ತಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್‌ನಲ್ಲಿ ಸೈಡ್‌ಕಿಕ್, ಅಂದರೆ ಜೊತೆಗಾರರ ನಿಯಮಗಳಿವೆ: ಎಕ್ಸ್‌ಪರ್ಟ್, ಸ್ಪೆಲ್‌ಕಾಸ್ಟರ್, ವಾರಿಯರ್ ಅಂತ ಮೂರು ಬಗೆ, ಪಾರ್ಟಿಯ ಜೊತೆಗೇ ಲೆವೆಲ್ ಏರುತ್ತವೆ. ತಾವೇ ದಾಳ ಉರುಳಿಸಿ ಬದುಕಿಸಿಕೊಂಡ ಪಾತ್ರವನ್ನು ಆಟಗಾರರು ಬಿಟ್ಟುಕೊಡುವುದಿಲ್ಲ.

10. ಆಗಲೇ ಕೆಟ್ಟಿರುವ ಟೇಬಲ್‌ಗೆ

ಮೊದಲು ಆಟ ಯಾವುದು ನೋಡಿ. 1984ರ ಪ್ಯಾರನಾಯಾದಂಥ ಆಟದಲ್ಲಿ ಒಬ್ಬರನ್ನೊಬ್ಬರು ನಂಬದಿರುವುದೇ ಮಜಾ. ಅಲ್ಲಿ ಈ ಲೇಖನ ಮಡಚಿಡಿ. ಉಳಿದ ಕಡೆ ಹೊಸ ಎನ್‌ಪಿಸಿಗಳನ್ನು ತರುವುದು ನಿಲ್ಲಿಸಿ, ಆಟಗಾರರು ಈಗಾಗಲೇ ಸ್ವಲ್ಪವಾದರೂ ಇಷ್ಟಪಟ್ಟಿರುವ ಒಬ್ಬನನ್ನು ಆರಿಸಿಕೊಳ್ಳಿ. ಯಾರೋ ತಮಾಷೆಗೆ ಹೆಸರಿಟ್ಟ ಗಾಡಿಯವನಾದರೂ ಸರಿ. ಮುಂದಿನ ಮೂರ್ನಾಲ್ಕು ಸೆಷನ್ ಅವನಿಗೆ ಏನೂ ಆಗಬಾರದು, ಅವನು ಹೇಳಿದ್ದೆಲ್ಲ ಸರಿಯಾಗಬೇಕು, ಹೇಳಿದ ಹೊತ್ತಿಗೆ ಬರಬೇಕು. ಆಟಗಾರರು ಕಾಯುತ್ತಿರುತ್ತಾರೆ, ಈಗ ಸಾಯುತ್ತಾನೆ, ಈಗ ತಿರುಗಿಬೀಳುತ್ತಾನೆ ಅಂತ. ಕಾಯಲಿ.

ಅಷ್ಟಾದ ಮೇಲೂ ಗಾಡಿಯವನ ಮೇಲೆ ಇನ್‌ಸೈಟ್ ನಿಲ್ಲದಿದ್ದರೆ ಒಂದು ಸಂಜೆ ದಾಳಗಳನ್ನು ಡಬ್ಬಿಯಲ್ಲೇ ಬಿಟ್ಟು ಕಾಫಿಗೆ ಕೂರಿಸಿ ನೇರವಾಗಿ ಕೇಳಿ: ಯಾವ ಆಟದಲ್ಲಿ, ಯಾವ ಪಾತ್ರ, ಏನು ಮಾಡಿತ್ತು? ಉತ್ತರದಲ್ಲಿ ನಿಮ್ಮ ಹೆಸರು ಬಂದರೆ ವಾದ ಮಾಡದೆ ಕೇಳಿಸಿಕೊಳ್ಳಿ. ಬೇರೆ ಡಿಎಂ ಹೆಸರು ಬಂದರೆ, ಅವನು ಕಿತ್ತುಕೊಂಡ ಆ ತಂಗಿಯನ್ನೋ ಗುರುವನ್ನೋ ಈ ಕ್ಯಾಂಪೇನ್‌ಗೆ ಮತ್ತೆ ಬರೆದು ತರಲು ಹೇಳಿ, ಆ ಪಾತ್ರಕ್ಕೆ ನೀವು ಏನೇನು ಮಾಡುವುದಿಲ್ಲ ಅನ್ನುವುದನ್ನು ಅವರ ಎದುರೇ ಚೀಟಿಯ ಮೇಲೆ ಬರೆದುಕೊಡಿ.